ಮಿಲಿಟರಿ ಕೋನಪ್ಪ ಕಲಿಸಿದ ಕಟ್ಟು

ನಮ್ಮ ಶಿಡ್ಲಘಟ್ಟದ ಕಡೆ ಒಂದು ಊರು. ಅಲ್ಲಿ ಯಾರಾದರೂ ಕೈಕಾಲು ಕೊಯ್ದುಕೊಂಡರೆ ವೆಂಕಟರತ್ನಮ್ಮ ಕಾಫಿಪುಡಿ ಮೆತ್ತಿ, ಮೇಲೆ ರೇಷ್ಮೆ ದಾರ ಸುತ್ತಿಬಿಡುತ್ತಿದ್ದರು. ಡಾಕ್ಟರಿಗಿಂತ ಅವರಿಗೆ ದಾರದ ಮೇಲೇ ಭರವಸೆ.

ಮಿಲಿಟರಿಯಲ್ಲಿ ಗಾಯಾಳುಗಳ ಆರೈಕೆ ಮಾಡಿ ರಿಟೈರಾಗಿ ಬಂದ ಕೋನಪ್ಪ, ಸ್ತ್ರೀಶಕ್ತಿ ಸಂಘದಲ್ಲಿ ರಕ್ತ ನಿಲ್ಲಿಸುವುದನ್ನು ಕಲಿಸಲು ಬಂದರು. ವೆಂಕಟರತ್ನಮ್ಮ ನಕ್ಕರು.

"ನಮ್ಮೂರಾಗೆ ಯುದ್ಧ ನಡೀತೈತೇನಪ್ಪಾ?"

"ಯುದ್ಧದಲ್ಲಿ ಎಷ್ಟೋ ಜನ ಆಸ್ಪತ್ರೆ ಸೇರೋಕೆ ಮುಂಚೆ ರಕ್ತ ಹೋಗೇ ಸಾಯ್ತಿದ್ರು ಅಕ್ಕಾ. ಅದಕ್ಕೇ ಈಗ ಡಾಕ್ಟರಿಗೆ ಕಾಯಂಗಿಲ್ಲ, ಪಕ್ಕದಲ್ಲಿರೋ ಸಿಪಾಯೀನೇ ಗಾಯಕ್ಕಿಂತ ಮೇಲೆ ಬಿಗಿಯಾಗಿ ಕಟ್ಟು ಹಾಕ್ತಾನೆ."

"ಅಷ್ಟು ಬಿಗಿ ಕಟ್ಟಿದ್ರೆ ಕಾಲೇ ಹೋಗ್ತದಂತೆ?"

"ನಾವೂ ಮೊದಲು ಹಂಗೇ ಹೆದರ್ತಿದ್ವಿ. ಎರಡು ಗಂಟೆ ಒಳಗೆ ಆಸ್ಪತ್ರೆ ಸೇರಿಸಿದ್ರೆ ಸಾಮಾನ್ಯವಾಗಿ ಕಾಲು ಉಳೀತದೆ. ಕಟ್ಟದೇ ಬಿಟ್ರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗ್ತದೆ."

ವೆಂಕಟರತ್ನಮ್ಮ ಸೆರಗು ಕೊಡವಿ ಎದ್ದು ಹೋದರು. ಸೊಸೆ ಧನುಶ್ರೀ ಮಾತ್ರ ಕೂತು ಕಲಿತಳು.

ಹದಿನೈದು ದಿನವೂ ಆಗಿರಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಕಳೆ ಕತ್ತರಿಸುವ ಮೆಷೀನಿನ ಬ್ಲೇಡು ವೆಂಕಟರತ್ನಮ್ಮನ ಗಂಡ ನಲ್ಲಪ್ಪನ ಮೀನಖಂಡವನ್ನು ಸೀಳಿಬಿಟ್ಟಿತು. ರಕ್ತ ಚಿಮ್ಮಿತು. ವೆಂಕಟರತ್ನಮ್ಮ ಓಡಿಹೋಗಿ ದಾರ ತಂದು ಸುತ್ತಿದರು. ದಾರ ಚರ್ಮ ಕೊಯ್ಯಿತೇ ಹೊರತು ರಕ್ತ ನಿಲ್ಲಲಿಲ್ಲ. ನಲ್ಲಪ್ಪನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಧನುಶ್ರೀ ಓಡಿಬಂದಳು.

"ಬಿಡಿ ಅತ್ತೆ! ನೀವು 108ಕ್ಕೆ ಫೋನ್ ಮಾಡಿ!"

ಧನುಶ್ರೀ ಬಟ್ಟೆ ಇಟ್ಟು ಎರಡೂ ಕೈಯಿಂದ ಗಾಯವನ್ನು ಅದುಮಿದಳು. ಬಟ್ಟೆ ತೊಯ್ದು ರಕ್ತ ಹರಿಯುತ್ತಲೇ ಇತ್ತು. ದುಪಟ್ಟಾವನ್ನು ನಾಲ್ಕು ಬೆರಳಗಲ ಮಡಿಸಿ ಮಂಡಿಯ ಮೇಲ್ಗಡೆ ತೊಡೆಗೆ ಕಟ್ಟಿ, ಗಂಟಿನಲ್ಲಿ ಗಟ್ಟಿ ಕಡ್ಡಿ ಸಿಕ್ಕಿಸಿ ತಿರುಚಿದಳು. ನಲ್ಲಪ್ಪ ಕಿರುಚಿಕೊಂಡರು. ಫೋನ್ ಮಾಡಿ ಬಂದ ವೆಂಕಟರತ್ನಮ್ಮ ಅಡ್ಡ ಬಂದರು.

"ಅಯ್ಯೋ ದೇವುಡಾ! ಸಡಿಲ ಮಾಡೇ, ನೋವಾಯ್ತೈತೆ!"

"ಮಾಡಲ್ಲ ಅತ್ತೆ. ನೋವಾಗ್ಲಿ, ಮಾವ ಬದುಕಬೇಕು."

ರಕ್ತ ನಿಂತಿತು. ಆಗ ಹತ್ತೂ ಇಪ್ಪತ್ತು. ಡಾಕ್ಟರಿಗೆ ತಿಳಿಯಲೆಂದು ಆ ಟೈಮನ್ನು ಮಾವನ ಕೈ ಮೇಲೇ ಪೆನ್ನಿನಲ್ಲಿ ಬರೆದಳು. ಆಂಬುಲೆನ್ಸಿನಲ್ಲೂ ಕಟ್ಟು ಬಿಚ್ಚಲು ಬಿಡಲಿಲ್ಲ.

ಎರಡು ಗಂಟೆಯೊಳಗೇ ಆಸ್ಪತ್ರೆ ಸೇರಿ ಆಪರೇಷನ್ ಆಯಿತು. ಜೀವವೂ ಉಳಿಯಿತು, ಕಾಲೂ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ವೆಂಕಟರತ್ನಮ್ಮ ಸೊಸೆಯ ಕೈ ಹಿಡಿದು ಅತ್ತರು. "ನನ್ನ ಹಟಕ್ಕೆ ಗಂಡನ್ನೇ ಕಳ್ಕೊಂತಿದ್ದೆ ಕಣಮ್ಮಾ" ಅಂದರು.

ಮುಂದಿನ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಚಾಪೆ ಮೇಲೆ ಕಾಲು ಚಾಚಿದವರು ಅವರೇ. "ನನ್ನ ಕಾಲಿಗೇ ಕಟ್ಟಿ ಕಲೀರಮ್ಮಾ. ಕಿರುಚಿದ್ರೂ ಬಿಡ್ಬೇಡಿ!"

ಅಕ್ಕಂದಿರೇ, ಅಣ್ಣಂದಿರೇ, ರಕ್ತ ಜೋರಾಗಿ ಹರಿದರೆ ಪುಡಿ, ದಾರ ಬೇಡ. 108ಕ್ಕೆ ಕರೆ ಮಾಡಿಸಿ, ಬಟ್ಟೆಯಿಟ್ಟು ಬಲವಾಗಿ ಅದುಮಿ. ಕೈಕಾಲಿನ ರಕ್ತ ಆಗಲೂ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಅಗಲವಾದ ಕಟ್ಟನ್ನು ರಕ್ತ ನಿಲ್ಲುವಷ್ಟು ಬಿಗಿಯಾಗಿ ಹಾಕಿ, ಟೈಮ್ ಬರೆಯಿರಿ. ನಿಮ್ಮ ಸಂಘಕ್ಕೂ ತಿಳಿದವರನ್ನು ಕರೆಸಿ, ಇವತ್ತೇ ಕಲಿಯಿರಿ. ಆಂಬುಲೆನ್ಸ್ ಬರುವವರೆಗೆ ನಿಮ್ಮವರ ಪ್ರಾಣ ನಿಮ್ಮ ಕೈಯಲ್ಲೇ ಇರುತ್ತದೆ.