ಅಣ್ಣನ ಮೂವತ್ತೆರಡು ಬಿಟ್‌ನ ಮಾತು

ಅಣ್ಣನ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಅದರ ಜೊತೆಗೇ ಅವನ ಮಾತೂ ಹೋಯಿತು. ಕಾಯಿಲೆ ಅವನ ಕೈಕಾಲು, ನಾಲಿಗೆಯನ್ನೆಲ್ಲ ಕಸಿದುಕೊಳ್ಳುವ ಮೊದಲೇ ತನಗಾಗಿ ಒಂದು ಪ್ರೋಗ್ರಾಮ್ ಬರೆದುಕೊಂಡಿದ್ದ ಬುದ್ಧಿವಂತ ಅವನು. ಪರದೆಯ ಮೇಲಿನ ಪದವನ್ನು ದಿಟ್ಟಿಸಿದರೆ ಸ್ಪೀಕರ್ ಅದನ್ನು ಹೇಳುತ್ತಿತ್ತು. ಈಗ ಉಳಿದದ್ದು ಬರೀ ರೆಪ್ಪೆ. ಒಮ್ಮೆ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ.

ಮರುದಿನ ಬೆಳಿಗ್ಗೆ ಅವನ ಗಂಟಲಿಗೆ ತೂತು ಮಾಡಿ ಉಸಿರಾಟದ ಟ್ಯೂಬ್ ಹಾಕುವವರಿದ್ದರು. "ಹಾಕಿಸೋಣ ಅಲ್ವಾ?" ಎಂದು ಅತ್ತಿಗೆ ಕೇಳಿದಾಗಲೆಲ್ಲ ಅವನು ಕಣ್ಣು ಮುಚ್ಚಿ ಹಾಗೇ ಇದ್ದುಬಿಡುತ್ತಿದ್ದ. ಏನೋ ಹೇಳಬೇಕಿದೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು. ನೋವಾ, ದಾಹವಾ, ಮಗಳನ್ನು ಕರೆಸಬೇಕಾ? ಎಲ್ಲಕ್ಕೂ ಅಲ್ಲ.

"ದೊಡ್ಡ ಪ್ರೋಗ್ರಾಮರ್ ಅಂತ ಮೆರೀತೀಯಲ್ಲ, ಒಂದು ಡಬ್ಬ ಮಾತಾಡಿಸೋಕಾಗಲ್ವೇನೇ ನಿನ್ ಕೈಲಿ?" ಎಂದರು ಅತ್ತಿಗೆ.

ಹೊಸ ಕಂಪ್ಯೂಟರ್ ತಂದಿದ್ದೆ. ಪ್ರೊಸೆಸರ್ ಒಂದು ತುತ್ತಿಗೆ ಅರವತ್ತನಾಲ್ಕು ಬಿಟ್ ಹಿಡಿಯುವಂಥದ್ದು, ಆಪರೇಟಿಂಗ್ ಸಿಸ್ಟಮ್ಮೂ ಅಷ್ಟೇ, ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವ ಕಂಪೈಲರೂ ಅಷ್ಟೇ. ಅಣ್ಣನ ಕೋಡ್ ಮತ್ತು ಅವನ ಪದಗಳ ಫೈಲ್ ನನ್ನ ಹತ್ತಿರವಿದ್ದವು. ಮತ್ತೆ ಕಂಪೈಲ್ ಮಾಡಿದೆ. ಒಂದೇ ಒಂದು ದೋಷವನ್ನೂ ತೋರಿಸಲಿಲ್ಲ. ಅಣ್ಣ 'ನೀರು' ನೋಡಿದ. ಸ್ಪೀಕರ್ "ಚಪ್ಪಲಿ" ಎಂದಿತು. ಅತ್ತಿಗೆ ನಕ್ಕರು. ನಗುನಗುತ್ತಲೇ ಅಳತೊಡಗಿದರು, ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದರು.

ಸಂಜೆಯವರೆಗೆ ತಲೆ ಚಚ್ಚಿಕೊಂಡೆ. ಎಲ್ಲಿ ಕೆಟ್ಟಿದೆಯೆಂದು ಬಲ್ಲವನು ಒಬ್ಬನೇ, ಅವನು ಎದುರಿಗೇ ಮೂಕನಾಗಿ ಮಲಗಿ ನನ್ನ ಪರದಾಟ ನೋಡುತ್ತಿದ್ದ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕೊನೆಗೆ ನಾಚಿಕೆ ಬಿಟ್ಟು ಅವನನ್ನೇ ಕೇಳಿದೆ.

"ತಪ್ಪು ಪ್ರೊಸೆಸರ್‌ದಾ?"

ಎರಡು ಸಲ.

"ಆಪರೇಟಿಂಗ್ ಸಿಸ್ಟಮ್‌ದಾ?"

ಎರಡು ಸಲ.

"ಕಂಪೈಲರ್‌ದಾ ಅಣ್ಣ?"

ಒಮ್ಮೆ.

ಆಗ ಹೊಳೆಯಿತು. ಫೈಲಿನಲ್ಲಿ ಪ್ರತಿ ಪದಕ್ಕೂ ಒಂದು ಸಂಖ್ಯೆಯಿತ್ತು, ಅದನ್ನು ಬರೆದಿಟ್ಟದ್ದು ಹಳೆಯ ಕಂಪೈಲರಿನ ಮೂವತ್ತೆರಡು ಬಿಟ್ ಅಳತೆಯಲ್ಲಿ. ಹೊಸದು ಅದೇ ಕೋಡನ್ನು ತನ್ನ ದೊಡ್ಡ ಅಳತೆಗೆ ಕಟ್ಟಿತ್ತು; ಹಾಗೆ ಕಟ್ಟಿದ ಪ್ರೋಗ್ರಾಮ್ ಎರಡೆರಡು ಸಂಖ್ಯೆಗಳನ್ನು ಒಂದೇ ತುತ್ತಿಗೆ ನುಂಗಿ ಬೇರೆ ಪದ ಹೇಳುತ್ತಿತ್ತು. ಪ್ರೊಸೆಸರ್, ಸಿಸ್ಟಮ್ ದೊಡ್ಡದಿದ್ದರೆ ಚಿಕ್ಕ ಅಳತೆಯ ಪ್ರೋಗ್ರಾಮನ್ನೂ ಓಡಿಸಬಲ್ಲವು. ಚಿಕ್ಕದರ ಮೇಲೆ ದೊಡ್ಡದು ಓಡುವುದಿಲ್ಲ, ಅಷ್ಟೇ. ಯಾವ ಅಳತೆಗೆ ಕಟ್ಟಬೇಕೆಂದು ಕಂಪೈಲರಿಗೆ ನಾವೇ ಹೇಳಬೇಕು. ಹೊಸದೆಂಬ ಜಂಬದಲ್ಲಿ ನಾನು ಹೇಳಿರಲಿಲ್ಲ. ಮೂವತ್ತೆರಡಕ್ಕೇ ಕಟ್ಟು ಎಂದು ಹೇಳಿ ಮತ್ತೆ ಓಡಿಸಿದೆ.

"ನೀರು" ಎಂದಿತು ಸ್ಪೀಕರ್. ನಾನು ಖುಷಿಗೆ ಕಿರುಚಿಯೇಬಿಟ್ಟೆ.

ಅಣ್ಣ ಮೊದಲು ಮಾಡಿದ ಕೆಲಸವೆಂದರೆ ಪರದೆಯ ಮೂಲೆಯನ್ನು ದಿಟ್ಟಿಸಿ ದನಿಯನ್ನು ಆಫ್ ಮಾಡಿದ್ದು. ಆಮೇಲೆ ಪದಗಳು ಪರದೆಯ ಮೇಲೆ ಒಂದೊಂದಾಗಿ ಬಂದು ಕೂತವು.

"ಟ್ಯೂಬ್ ಬೇಡ. ಅವಳ ಮುಖ ನೋಡಿ ಬೇಡ ಅನ್ನೋಕೆ ಆಗ್ತಿಲ್ಲ. ನೀನೇ ಹೇಳು."

ಒದ್ದೆ ಕೈ ಒರೆಸಿಕೊಳ್ಳುತ್ತ ಅತ್ತಿಗೆ ಓಡಿಬಂದರು. ನಾನು ಪರದೆಗೆ ಅಡ್ಡ ನಿಂತೆ.

"ಮಾತು ಬಂತಾ? ಏನಂದ್ರು? ಹೇಳೇ, ಏನಂದ್ರು?"