ಗ್ಯಾರೇಜ್ ಹಿತ್ತಲಿನ ಗುಡ್ಡೆ

"ತಗೊಳ್ಳಿ ಮೇಸ್ತ್ರಿ, ಒಂದು ಲೋಟ ಕುಡೀರಿ."

ಪಕ್ಕದ ಮನೆಯ ಟೈಲರ್ ಅಕ್ಕ ಬಕೆಟ್ಟನ್ನು ಗ್ಯಾರೇಜಿನ ನಡುಮಧ್ಯೆ ಕುಕ್ಕಿದಳು. ಅವಳ ಬಾವಿಯ ನೀರು. ಮೇಲೆ ನವಿಲುಗರಿಯ ಬಣ್ಣಗಳೆಲ್ಲ ತೇಲುತ್ತಿದ್ದವು. ಕಣ್ಣಿಗೆ ಚೆಂದ, ಮೂಗಿಗೆ ಬರೀ ಎಣ್ಣೆ ನಾತ.

ಮೇಸ್ತ್ರಿ ಕಾರಿನಡಿಯಿಂದ ತೆವಳಿ ಹೊರಬಂದರು. "ಮೂವತ್ತು ವರ್ಷದಿಂದ ಹಳೇ ಆಯಿಲ್ ಹಿತ್ತಲಿಗೇ ಸುರೀತಿದೀನಿ. ಇನ್ನೇನು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

"ತಿರುಗಿ. ನನ್ನ ಬಾವಿಗೆ ಮಾತ್ರ ಇಳಿಸ್ಬೇಡಿ."

ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದಳು. ಮೇಸ್ತ್ರಿ ಸೊಸೆಯ ಕಡೆ ತಿರುಗಿ, "ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕಿಸ್ಬಿಡ್ತೀನಿ. ಕಾಣದಿದ್ರೆ ಯಾರೂ ಬಾಯಿ ಬಿಡಲ್ಲ" ಎಂದರು.

ಸೊಸೆ ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಸಹಾಯಕಿ. "ಮುಚ್ಚಿದ್ರೆ ಕೊಳಕು ಹೋಗಲ್ಲ ಮಾವ, ಅಲ್ಲೇ ಕೂತು ನೀರಿಗಿಳೀತಾನೇ ಇರುತ್ತೆ. ಮಣ್ಣಲ್ಲೇ ಬ್ಯಾಕ್ಟೀರಿಯಾ ಇದಾವೆ. ಗಾಳಿ, ನೀರು, ಗೊಬ್ಬರ ಕೊಟ್ರೆ ಎಣ್ಣೇನೇ ತಿಂತಾವೆ."

"ಎಣ್ಣೆ ತಿನ್ನೋ ಹುಳಾನಾ! ನಿಮ್ಮಜ್ಜಿ ಹೇಳಿದ ಕಥೆಯೇನೇ?"

"ಅಜ್ಜಿ ಕಥೇಲಿ ರಾಕ್ಷಸ ಒಂದೇ ತುತ್ತಿಗೆ ಊರು ನುಂಗ್ತಿದ್ದ. ಇವಕ್ಕೆ ಆರು ತಿಂಗಳಾದ್ರೂ ಬೇಕು."

"ಅಷ್ಟರೊಳಗೆ ಅಧಿಕಾರಿಗಳು ಬಂದು ಬೀಗ ಜಡಿದ್ರೆ? ನಿನ್ನ ಹುಳ ನಮಗೆ ಅನ್ನ ಹಾಕುತ್ತಾ?"

ಆ ಭಯ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಸೆರಗು ಸಿಕ್ಕಿಸಿ ಸಲಿಕೆ ಹಿಡಿದಳು. ಕರಿಗಟ್ಟಿದ ಮಣ್ಣನ್ನು ಅಗೆದು ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿದಳು. ಗೊಬ್ಬರ, ಮರದ ಹೊಟ್ಟು ಬೆರೆಸಿ ನೀರು ಚಿಮುಕಿಸಿದಳು, ಎರಡು ದಿನಕ್ಕೊಮ್ಮೆ ಮಗುಚಿದಳು. ಕೆಲಸದವರು ಅವಳಿಗೆ 'ಹುಳದ ಡಾಕ್ಟರಮ್ಮ' ಎಂದು ಹೆಸರಿಟ್ಟರು. ನಾತ ತಾಳದ ಮೇಸ್ತ್ರಿ, ಉಪಕಾರವೆಂದೇ ತಿಳಿದು, ಒಂದು ಕ್ಯಾನ್ ಫಿನಾಯಿಲನ್ನು ಗುಡ್ಡೆಗೆ ಸುರಿದುಬಿಟ್ಟರು!

"ಸಾಕಿದ ಜೀವಗಳನ್ನೆಲ್ಲ ಕೊಂದ್ರಲ್ಲ ಮಾವ," ಎಂದಳು. ಅಳಲಿಲ್ಲ. ಆ ಮಣ್ಣನ್ನು ಬೇರೆ ಸರಿಸಿ, ಹೊಸ ಗುಡ್ಡೆ ಕಟ್ಟಿದಳು.

ಮೂರು ವಾರ ಕಳೆದಿರಬಹುದು. ಚಳಿಯ ಒಂದು ಬೆಳಿಗ್ಗೆ ಕಾಂಕ್ರೀಟ್ ಲಾರಿ ಹಿಮ್ಮುಖವಾಗಿ ಹಿತ್ತಲಿಗೆ ನುಗ್ಗಿತು. ಸೊಸೆ ಓಡಿಬಂದು ಗುಡ್ಡೆ ಹತ್ತಿ ನಿಂತಳು.

"ಇಳಿ ಕೆಳಗೆ. ಬೀದಿಯವರ ಮುಂದೆ ಮರ್ಯಾದೆ ತೆಗೀಬೇಡ."

"ಬಾವಿ ಕೆಡಿಸಿದಾಗ ಹೋಗದ ಮರ್ಯಾದೆ ನಾನಿಲ್ಲಿ ನಿಂತ್ರೆ ಹೋಗುತ್ತಾ? ಸುರಿಯೋದಾದ್ರೆ ನನ್ನ ಮೇಲೇ ಸುರಿಸಿ."

ಮೇಸ್ತ್ರಿ ಕೆರಳಿ ಗುಡ್ಡೆ ಏರಹೋದರು. ಕಾಲು ಜಾರಿತು, ಬಲಗೈ ಮೊಣಕೈವರೆಗೂ ಮಣ್ಣಲ್ಲಿ ಹೂತುಹೋಯಿತು. ಕೈ ಕಿತ್ತು ಪಕ್ಕದ ನೆಲ ಮುಟ್ಟಿ ನೋಡಿದರು, ತಣ್ಣಗೆ ಕೊರೆಯುತ್ತಿತ್ತು. ಮತ್ತೆ ಗುಡ್ಡೆಯೊಳಗೆ ಕೈಯಿಟ್ಟರು.

"ಇದೇನಮ್ಮ, ಒಳಗೆ ಬೆಚ್ಚಗಿದೆ?"

"ಕೆಲಸ ಮಾಡ್ತಿದಾವೆ ಮಾವ."

ಬಾನೆಟ್ ಮುಟ್ಟಿಯೇ ಎಂಜಿನ್ನಿನ ಆರೋಗ್ಯ ಹೇಳುತ್ತಿದ್ದ ಕೈ ಅದು. ಬಹಳ ಹೊತ್ತು ಅಲ್ಲೇ ಇತ್ತು. "ಚಾಲೂ ಇದೆ," ಎಂದು ಗೊಣಗಿದರು. ಆಮೇಲೆ ಮೆಲ್ಲಗೆ, "ಬಾವಿ?"

"ಅದಕ್ಕಿನ್ನೂ ತುಂಬಾ ಟೈಮ್ ಬೇಕು. ಮೊದಲು ನಾವು ಸುರಿಯೋದು ನಿಲ್ಲಬೇಕು."

ಲಾರಿಯವನು ಹಾರ್ನ್ ಹೊಡೆದ. "ಎಲ್ಲಿ ಸುರೀಲಿ ಮೇಸ್ತ್ರಿ? ಗಟ್ಟಿಯಾಗಿಬಿಡುತ್ತೆ!"

ಮೇಸ್ತ್ರಿ ಮಣ್ಣುಗೈಯಲ್ಲೇ ಗ್ಯಾರೇಜಿನ ಮುಂಭಾಗ ತೋರಿಸಿದರು. "ಅಲ್ಲಿ. ಹಳೇ ಆಯಿಲ್ ತುಂಬಿಡೋ ಡ್ರಮ್ಮಿಗೆ ಒಂದು ಕಟ್ಟೆ ಮಾಡು. ಇನ್ಮೇಲೆ ಒಂದು ಹನಿ ನೆಲಕ್ಕೆ ಬಿದ್ರೂ ಬೀಳಿಸಿದವನ ಕೈಲೇ ಅಗೆಸ್ತೀನಿ. ನನ್ನನ್ನೂ ಸೇರಿಸಿ."

ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಲಾರಿ ಪೂರ್ತಿ ಹೊರಗೆ ಹೋಗುವವರೆಗೂ ಗುಡ್ಡೆಯಿಂದ ಇಳಿಯಲಿಲ್ಲ.