ಎಣ್ಣೆ ಸೀಸೆಯ ಜಾಗದಲ್ಲಿ

ಅರವತ್ತು ದಾಟಿದ ಅತ್ತೆ ಮದುವೆಯಾಗಿ ಪಕ್ಕದ ರಾಜ್ಯಕ್ಕೆ ಹೋಗುತ್ತೇನೆಂದಾಗ ನಮ್ಮ ಮನೆಯಲ್ಲಿ ಯಾರೂ ಅವಳ ಬಂದೂಕಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಬಂದೂಕಿಗೆ ಲೈಸೆನ್ಸ್ ಇತ್ತು, ಗಡಿ ದಾಟಿಸಲು ಅನುಮತಿಯೂ ಸಿಕ್ಕಿತ್ತು. ತಲೆನೋವೆಲ್ಲ ಪೈಪಿನದು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ತಾತ ತೀರಿಕೊಂಡಾಗ ಅವರ ಗಡಿಯಾರ ಅಪ್ಪನ ಪಾಲಿಗೆ ಬಂತು. ಜೋಡಿ ನಳಿಗೆಯ ಬಂದೂಕು ಮತ್ತು ತಂಬಾಕು ಸೇದುವ ಪೈಪು ಅತ್ತೆಯ ಪಾಲಿಗೆ ಬಂದವು. "ನಿನ್ನ ಗಡಿಯಾರ ಆ ವರ್ಷವೇ ನಿಂತೋಯ್ತಲ್ಲೋ. ನನ್ನವೆರಡೂ ಇನ್ನೂ ಹೊಗೆ ಬಿಡ್ತಾ ಇವೆ ನೋಡು" ಎಂದು ಅವಳು ಅಪ್ಪನನ್ನು ಛೇಡಿಸುತ್ತಿದ್ದಳು.

ಅವಳು ಕಾಲೇಜೊಂದರ ಮೈದಾನದ ಹಿಂಬದಿಯಲ್ಲಿ ಬಹಳ ವರ್ಷ ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸಿದವಳು. ಯಂತ್ರವೊಂದು ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ. ಅವು ನೆಲ ಮುಟ್ಟುವ ಮೊದಲು ಗುಂಡು ಹೊಡೆದು ಒಡೆಯಬೇಕು. ಆ ಬಿಲ್ಲೆಗಳನ್ನು ಬಿಟ್ಟು ಬೇರೆ ಯಾವುದರ ಮೇಲೂ ಅವಳು ಬಂದೂಕು ಎತ್ತಿದವಳಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೂ ನನ್ನನ್ನೇ ಕೂಗುತ್ತಿದ್ದಳು.

ಎಂ.ಎ. ಮುಗಿಸಿ, ಅವಳ ಮನೆಯ ಹತ್ತಿರದ ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದಾಗಿನಿಂದ ನಾನು ಅವಳ ಜೊತೆಯೇ ಇದ್ದೆ. ನಮ್ಮಿಬ್ಬರಿಗೂ ಮಾತು ಹೆಚ್ಚು ಬೇಕಿರಲಿಲ್ಲ. ಸಂಜೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಪೈಪು ಹಚ್ಚಿ ಕೂರುತ್ತಿದ್ದಳು. ನಾನು ಒಳಗೆ ಪುಸ್ತಕ ಹಿಡಿದು, ಓದದೆ ಕೂರುತ್ತಿದ್ದೆ.

ಎರಡು ವರ್ಷದ ಹಿಂದೆ ಪಕ್ಕದ ರಾಜ್ಯದಲ್ಲಿ ನಡೆದ ಸ್ಪರ್ಧೆಯೊಂದಕ್ಕೆ ತೀರ್ಪುಗಾರ್ತಿಯಾಗಿ ಹೋದಾಗ ಅತ್ತೆಯ ಕನ್ನಡಕದ ಕಡ್ಡಿ ಮುರಿಯಿತು. ಅಂದು ರಜಾದಿನ. ಕನ್ನಡಕದಂಗಡಿಯವರೊಬ್ಬರು ಬಾಗಿಲು ತೆಗೆದು ಕಡ್ಡಿ ಕೂಡಿಸಿಕೊಟ್ಟರಂತೆ. ಊರಿಗೆ ಬಂದವಳು ಕನ್ನಡಕ ಚೆನ್ನಾಗಿ ಕೂತಿದೆ ಎಂದು ತಿಳಿಸಲು ಫೋನ್ ಮಾಡಿದಳು. ಮರುದಿನ ಅವರು ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ಕೇಳಲು ಫೋನ್ ಮಾಡಿದರು. ಕ್ರಮೇಣ ಕಿವಿಯ ನೆಪ ಬಿಟ್ಟುಹೋಯಿತು, ಫೋನು ಉಳಿಯಿತು.

ಸಂಜೆಯ ಆ ಮಾತುಕತೆ ನನಗೆ ಒಳಗಿನಿಂದ ಅರ್ಧ ಮಾತ್ರ ಕೇಳುತ್ತಿತ್ತು. ಅವರು ಆ ಕಡೆಯಿಂದ ಏನೋ ಹೇಳುತ್ತಿದ್ದರು. ಈ ಕಡೆ ಬೆಂಕಿಕಡ್ಡಿ ಗೀರಿದ ಸದ್ದು. ಆಮೇಲೆ ಒಂದು ಉದ್ದನೆಯ ಬಿಡುವು. ಅದು ಮುಗಿದ ಮೇಲೆ ಅತ್ತೆಯ ಉತ್ತರ, ಒಂದೋ ಎರಡೋ ಮಾತು. ನನಗೆ ಮನುಷ್ಯರ ಮೌನವನ್ನು ಆಲಿಸುವ ಚಾಳಿ ಇದೆ. ಹೆಚ್ಚಿನ ಮೌನಗಳ ಒಳಗೆ ಸಿಟ್ಟಿರುತ್ತದೆ, ಇಲ್ಲವೇ ಬೇಸರ. ಅತ್ತೆಯ ಮೌನದೊಳಗೆ ಇದ್ದದ್ದು ತಂಬಾಕು.

ಮದುವೆಯ ಮಾತು ಗಟ್ಟಿಯಾದ ಮೇಲೆ ಒಂದು ದಿನ ಅವರು, ಅಂಗಡಿಯ ಮುಂದೆ ಲಾರಿ ನಿಲ್ಲಿಸುವವರನ್ನು ಬೈಯುತ್ತ, "ಗಾಜಿಗೆ ಹೊಗೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ" ಎಂದರಂತೆ. ಅತ್ತೆ ಅದನ್ನು ಲಾರಿಯ ಪಾಲಿಗೆ ಬಿಡದೆ ತನ್ನ ಮೇಲೆ ಹಾಕಿಕೊಂಡಳು. ಪೈಪಿನ ಸುದ್ದಿಯನ್ನು ಅವಳು ಅವರಿಗೆ ಎಂದೂ ಹೇಳಿರಲಿಲ್ಲ. ಸಾಮಾನು ಕಟ್ಟಲು ಶುರು ಮಾಡಿದ ದಿನವೇ ಸೇದುವುದನ್ನು ನಿಲ್ಲಿಸಿದಳು.

ನಿಲ್ಲಿಸಿದಳು ನಿಜ, ಆದರೆ ಎಸೆಯಲಿಲ್ಲ. ಬಂದೂಕಿನ ಪೆಟ್ಟಿಗೆಯೊಳಗೆ ಹಸಿರು ಮಕಮಲ್ಲಿನ ಗೂಡುಗಳಿದ್ದವು. ನಳಿಗೆಗೆ ಒಂದು, ಮರದ ಹಿಡಿಗೆ ಒಂದು, ನಳಿಗೆ ಉಜ್ಜುವ ಕುಂಚಕ್ಕೆ ಒಂದು, ಎಣ್ಣೆ ಸೀಸೆಗೆ ಒಂದು. ಅವಳು ಎಣ್ಣೆ ಸೀಸೆಯನ್ನು ತೆಗೆದು ಆ ಜಾಗದಲ್ಲಿ ಪೈಪನ್ನೂ ಪುಟ್ಟ ತಂಬಾಕಿನ ಡಬ್ಬಿಯನ್ನೂ ಕೂರಿಸಿದಳು.

"ಸೇದಲ್ಲ ಅಂದ್ಮೇಲೆ ಯಾಕತ್ತೆ?" ಎಂದೆ.

"ನಿಮ್ಮ ತಾತನ ಹಲ್ಲಿನ ಗುರುತಿದೆ ಕಣೋ ಇದರಲ್ಲಿ. ಬೀದಿಗೆ ಎಸೀಲಾ?"

"ಅವರು ನೋಡಿದ್ರೆ?"

"ಬೀರು ತೆಗೀಬಹುದು, ಪೆಟ್ಟಿಗೆ ತೆಗೀಬಹುದು. ಬಂದೂಕಿನ ಪೆಟ್ಟಿಗೆ ಯಾರಪ್ಪಾ ಮುಟ್ತಾರೆ? ನೀನು ಬಾಯಿ ಬಿಟ್ಟೀಯ ಮತ್ತೆ. ಆಣೆ ಮಾಡು."

ಮಾಡಿದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ.

ಪೈಪು ಹೋದ ಬಾಯಿಗೆ ಪೆಪ್ಪರಮೆಂಟು ಬಂತು. ಅತ್ತೆ ಅದನ್ನು ಚೀಪುವವಳಲ್ಲ, ಕಟಕಟನೆ ಅಗಿಯುವವಳು. ಜೊತೆಗೆ ಮಾತೂ ಬಂತು. ಬಾಡಿಗೆ ವ್ಯಾನಿನಲ್ಲಿ ಸಾಮಾನು ಹೇರಿಕೊಂಡು ನಾನು ಗಾಡಿ ಓಡಿಸುತ್ತಿದ್ದಾಗ ದಾರಿಯುದ್ದಕ್ಕೂ ಒಂದು ಗಳಿಗೆ ಬಿಡುವು ಕೊಡಲಿಲ್ಲ. ಎದುರಿಗೆ ಬಂದ ಪ್ರತಿ ಬೋರ್ಡನ್ನೂ ಓದಿ ಹೇಳಿದಳು. ನನ್ನ ಗೇರು ಹಾಕುವ ರೀತಿಯನ್ನು ಆಡಿಕೊಂಡಳು. ಗಡಿಯ ತಪಾಸಣಾ ಕಟ್ಟೆಯಲ್ಲಿ ಪೊಲೀಸಿನವನು ಪತ್ರ ನೋಡಿ ಹೋಗಿ ಎಂದ ಮೇಲೂ ಅವನಿಗೆ ನಮ್ಮ ಮನೆತನದ ಕಥೆಯನ್ನು ಅರ್ಧ ಹೇಳಿದಳು. ಅವನೇ ಕೈಮುಗಿದು ಗೇಟು ಎತ್ತಿದ.

ಊರು ಹತ್ತಿರವಾದಾಗ ಅವಳ ಸ್ವರ ಇಳಿಯಿತು. "ಯಾಕೋ ಅವರು ಈಚೆಗೆ ಮೊದಲಿನ ಹಾಗಿಲ್ಲ ಕಣೋ. ನಾನು ಇಷ್ಟು ಮಾತಾಡ್ತೀನಿ, ಅವರು ಬರೀ ಹೂಂ ಅಂತಾರೆ."

ಕನ್ನಡಕದಂಗಡಿ ಕೆಳಗೆ, ಮನೆ ಮಹಡಿಯ ಮೇಲೆ. ಅವರು ತೆಳ್ಳಗಿನ, ಎತ್ತರದ ಮನುಷ್ಯ, ಕೊರಳಿಗೆ ದಾರ ಕಟ್ಟಿದ ಕನ್ನಡಕ ಇಳಿಬಿಟ್ಟಿದ್ದರು. ಮಹಡಿಯಲ್ಲಿ ಬಂದೂಕಿಗೆಂದೇ ಕಬ್ಬಿಣದ ಬೀರು ತರಿಸಿ ಗೋಡೆಗೆ ಬೋಲ್ಟು ಹಾಕಿಸಿದ್ದರು. ಅದನ್ನು ತೋರಿಸಿ ಅವರು "ಇದು ಸಾಕಾಗುತ್ತಾ?" ಎನ್ನುವಷ್ಟರಲ್ಲಿ ಅತ್ತೆ, "ಸಾಕು ಸಾಕು, ಜಾಸ್ತಿನೇ ಆಯ್ತು, ಬೋಲ್ಟು ಒಳಗಡೆಯಿಂದ ತಾನೇ, ಬೀಗದ ಕೈ ಎಷ್ಟು, ಬಣ್ಣ ಚೆನ್ನಾಗಿದೆ" ಎಂದು ಮುಗಿಸಿ ಕಟಕಟ ಅಗಿದಳು. ಅವರು ಮಿಕಮಿಕ ನೋಡಿ ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಕೆಳಗೆ ಅಂಗಡಿಗೆ ಬಾ ಎಂದು ನನ್ನನ್ನು ಕೂಗಿದರು.

ಅವರನ್ನು ಏನೆಂದು ಕರೆಯಬೇಕೆಂಬುದು ನನಗೆ ಬಗೆಹರಿದಿರಲಿಲ್ಲ. ಮದುವೆಯ ಸಹಿ ಬೀಳುವ ಮೊದಲೇ ಮಾವ ಎನ್ನಲೇ? ಸಾರ್ ಎಂದರೆ ಬ್ಯಾಂಕಿಗೆ ಹೋದಂತೆ. ಏನೂ ಕರೆಯದೆ ಹೋಗಿ ನಿಂತೆ. ಅವರು ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸಿ ಪರೀಕ್ಷಿಸುವ ಆ ಭಾರದ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟರು. ಎದುರಿನ ಗೋಡೆಯಲ್ಲಿ ಅಕ್ಷರಗಳು ಮೇಲಿನಿಂದ ಕೆಳಗೆ ಕುಗ್ಗುತ್ತಾ ಹೋಗಿದ್ದವು.

"ನನ್ನ ಕಣ್ಣು ಸರಿಯಿದೆ" ಎಂದೆ.

"ಇರಲಿ. ಕೈಗೆ ಕೆಲಸ ಇಲ್ದೆ ನನಗೆ ಮಾತು ಬರಲ್ಲ." ಒಂದು ಗಾಜು ಸಿಕ್ಕಿಸಿದರು. "ಇದು ಸ್ಪಷ್ಟವಾ?" ಇನ್ನೊಂದು ಸಿಕ್ಕಿಸಿದರು. "ಇದಾ? ನಿಮ್ಮತ್ತೆಗೆ ಮನಸ್ಸು ಬದಲಾಗಿದ್ಯಾ?"

ಅಕ್ಷರಗಳು ಕಲಸಿಹೋದವು. "ಇಲ್ಲಪ್ಪ, ಯಾಕೆ?"

"ಮೂರು ಜನ ಅಕ್ಕಂದಿರ ಮಧ್ಯೆ ಬೆಳೆದವನು ನಾನು. ನನ್ನ ಒಂದು ಮಾತು ಮುಗಿಯೋದ್ರೊಳಗೆ ಮೂರು ಉತ್ತರ ಬಂದ್ಬಿಡೋವು. ಇಲ್ಲಿ ಅಂಗಡೀಲೂ ಅಷ್ಟೇ. ಯಾವ ಗಾಜು ಚೆನ್ನಾಗಿದೆ ಅಂದ್ರೆ ಜನ ನೋಡೋ ಮೊದಲೇ ಹೇಳಿಬಿಡ್ತಾರೆ. ನಿಮ್ಮತ್ತೆ ಒಬ್ಬರೇ, ನಾನು ಹೇಳಿದ್ದನ್ನ ಒಳಗೆ ಇಳಿಸ್ಕೊಂಡು, ತಡೆದು, ಆಮೇಲೆ ಮಾತಾಡಿದೋರು. ಆ ತಡೆಯೋದಿದೆಯಲ್ಲ..." ಗಾಜೊಂದನ್ನು ಬೆಳಕಿಗೆ ಹಿಡಿದು ಒರೆಸಿದರು. "ಸಂಜೆ ಆದ್ರೆ ಅದಕ್ಕೆ ಕಾಯ್ತಿದ್ದೆ. ಈಗ ಒಂದು ತಿಂಗಳಿಂದ ನಾನು ಬಾಯಿ ತೆಗೆಯೋದ್ರೊಳಗೆ ಅವರದು ಮುಗಿದಿರುತ್ತೆ. ಬೇಗ ಫೋನ್ ಇಟ್ರೆ ಸಾಕು ಅನ್ನೋ ಹಾಗೆ. ಮತ್ತೆ ಅದೇನದು ಕಟಕಟ? ನನ್ನ ಮೇಲೆ ಹಲ್ಲು ಕಡೀತಾರಾ?"

"ಪೆಪ್ಪರಮೆಂಟು" ಎಂದೆ.

"ಪೆಪ್ಪರಮೆಂಟನ್ನ ಯಾರಾದ್ರೂ ಹಾಗೆ ಕಡೀತಾರಾ? ಸಿಟ್ಟಿರೋರೇ ಕಡಿಯೋದು." ನನ್ನ ಮೂಗಿನ ಮೇಲಿಂದ ಚೌಕಟ್ಟನ್ನು ತೆಗೆದರು. "ನಾಡಿದ್ದು ನೋಂದಣಿ ಕಚೇರೀಲಿ ಸಹಿ ಹಾಕಬೇಕು. ಬೇಡ ಅನ್ನಿಸಿದ್ರೆ ಹೇಳ್ಬಿಡ್ಲಿ. ಸಾಮಾನು ನಾನೇ ಕಟ್ಟಿ ಕಳಿಸ್ತೀನಿ. ಬಲವಂತದ ಮೇಲೆ ಒಬ್ಬರನ್ನ ಕೂರಿಸ್ಕೊಂಡು ನಾನೇನು ಮಾಡ್ಲಿ?"

ನನ್ನ ನಾಲಗೆಯ ತುದಿಯಲ್ಲಿ ಇಡೀ ಸಂಗತಿ ಇತ್ತು. ಆಣೆ ಅಡ್ಡ ನಿಂತಿತು. ಸುಮ್ಮನಿರುವುದು ಕೂಡ ಒಂದು ಸುಳ್ಳಾಗಬಲ್ಲದೆಂದು ಆ ಎತ್ತರದ ಕುರ್ಚಿಯಿಂದ ಇಳಿಯುವಾಗ ಅನ್ನಿಸಿತು.

ಮೇಲೆ ಹೋಗಿ ಅತ್ತೆಗೆ ಹೇಳಿದೆ, "ಪೈಪಿನ ವಿಷಯ ನೀನೇ ಹೇಳ್ಬಿಡು."

"ತಲೆ ಕೆಟ್ಟಿದ್ಯಾ? ಈಗ್ಲೇ ನನ್ನ ಮುಖ ನೋಡಿದ್ರೆ ಮೆಟ್ಟಿಲಿಳೀತಾರೆ. ಇದೂ ಗೊತ್ತಾದ್ರೆ ಆಯ್ತು, ವ್ಯಾನಿಗೆ ಸಾಮಾನು ವಾಪಸ್." ಕೆಳಗೆ ಅವರು ಆಡಿದ ಮಾತನ್ನು ಹೇಳಲು ನನಗೆ ಸಂದೇ ಸಿಗಲಿಲ್ಲ, ಅವಳು ಆಗಲೇ ಕಟಕಟ ಅಗಿಯುತ್ತ ಬೇರೆ ಮಾತಿಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಹೊಸ ಊರಿನ ಪೊಲೀಸ್ ಠಾಣೆಯಲ್ಲಿ ಬಂದೂಕು ತೋರಿಸಬೇಕಿತ್ತು. ಹೊಸ ವಿಳಾಸಕ್ಕೆ ಸಾಕ್ಷಿಯಾಗಿ ಅವರೂ ಬಂದರು. ಪೆಟ್ಟಿಗೆ ತೆರೆದು ತೋರಿಸಬೇಕಾದೀತು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಜಗತ್ತಿನಲ್ಲಿ ಬಂದೂಕಿನ ಪೆಟ್ಟಿಗೆ ತೆರೆಯುವುದು ಯಾರಿಗಾದರೂ ಕೆಲಸವಾಗಿದ್ದರೆ ಅದು ಪೊಲೀಸರಿಗೇ ಎಂಬುದು ಅತ್ತೆಗೆ ಠಾಣೆಯ ಬೆಂಚಿನ ಮೇಲೆ ಕೂತ ಮೇಲೆ ಹೊಳೆಯಿತು. ಅವಳು ನನ್ನ ಮೊಣಕೈ ಹಿಂಡಿದಳು.

ಇನ್ಸ್‌ಪೆಕ್ಟರ್ ದಪ್ಪ ಮೈಯ ನಗುಮುಖದ ಹೆಂಗಸು. ಅವಳ ಕನ್ನಡಕದ ಮೂಲೆಗೆ ಅಂಟಿನ ಪಟ್ಟಿ ಸುತ್ತಿತ್ತು. ಕನ್ನಡಕದವರು ಯಾರೂ ಕೇಳದೆಯೇ ಅವಳ ಕನ್ನಡಕವನ್ನು ಬಿಚ್ಚಿಸಿಕೊಂಡು ಜೇಬಿನ ಪುಟ್ಟ ತಿರುಪುಳಿಯಿಂದ ಸರಿಮಾಡತೊಡಗಿದರು.

"ತೆಗೀರಮ್ಮಾ, ನಂಬರ್ ನೋಡ್ಕೋಬೇಕು" ಎಂದಳು ಆಕೆ.

ಅತ್ತೆ ಪೆಟ್ಟಿಗೆಯ ಚಿಲಕ ತೆಗೆದಳು. ಆಕೆ ನಳಿಗೆ ನೋಡಿದಳು, ಹಿಡಿ ನೋಡಿದಳು, ಕುಂಚ ನೋಡಿದಳು. ಆಮೇಲೆ ಬಗ್ಗಿ ಬೆರಳು ತೋರಿಸಿದಳು.

"ಇದು ಬಂದೂಕಿನ ಯಾವ ಭಾಗ?"

ಅತ್ತೆಯ ಬಾಯಲ್ಲಿ ಪೆಪ್ಪರಮೆಂಟು ನಿಂತುಹೋಯಿತು. ನನಗೆ ಏನು ಬಂತೋ, "ಅದು ನಂದು" ಎಂದುಬಿಟ್ಟೆ. ಬಹುಶಃ ಆ ವಾರ ನಾನು ಯೋಚಿಸದೆ ಆಡಿದ ಮೊದಲ ಮಾತು ಅದು.

"ಸುಮ್ನಿರೋ!" ಎಂದು ಅತ್ತೆ ಗದರಿದಳು. "ಪಕ್ಕದ ಮನೆಯವರು ಕಸ ಸುಟ್ರೆ ವಾರ ಕೆಮ್ತೀಯ, ನಿಂದಂತೆ. ನಂದು ಮೇಡಂ. ಪೈಪು. ನಾನು ಸೇದ್ತಿದ್ದೆ. ಈಗ ಬಿಟ್ಟಿದೀನಿ." ಕೊನೆಯ ಮಾತನ್ನು ಇನ್ಸ್‌ಪೆಕ್ಟರಿಗೆ ಅವಳು ಹೇಳಿದ್ದಲ್ಲ.

ಕನ್ನಡಕದವರ ಕೈಯಲ್ಲಿ ತಿರುಪುಳಿ ನಿಂತಿತ್ತು. ಅವರು ಪೈಪನ್ನು ನೋಡಿದರು, ಅತ್ತೆಯನ್ನು ನೋಡಿದರು. ಠಾಣೆಯ ಫ್ಯಾನು ಒಂದು ಕಡೆ ವಾಲಿಕೊಂಡು ತಿರುಗುತ್ತಿತ್ತು.

"ಸಂಜೆ ನಾನು ಫೋನ್ ಮಾಡ್ದಾಗ," ಎಂದರು ನಿಧಾನವಾಗಿ, "ಇದು ಬಾಯಲ್ಲಿರ್ತಿತ್ತಾ?"

"ಇರ್ತಿತ್ತು."

"ಯಾವಾಗ ಬಿಟ್ರಿ?"

"ಸಾಮಾನು ಕಟ್ಟೋಕೆ ಕೂತ ದಿನ. ನೀವೇ ಹೇಳಿದ್ರಲ್ಲ, ಗಾಜಿಗೆ ಹೊಗೆ ಶತ್ರು ಅಂತ."

"ನಾನು ಲಾರಿಗೆ ಹೇಳಿದ್ದು ಕಣ್ರೀ!" ಎಂದವರೇ ಅವರು ನಗತೊಡಗಿದರು. ಎತ್ತರದ ಮನುಷ್ಯ ನಗುವಾಗ ಎಲ್ಲಿ ಮಡಚಿಕೊಳ್ಳಬೇಕೆಂದು ತಿಳಿಯದೆ ಮೇಜು ಹಿಡಿದುಕೊಂಡರು. "ಒಂದು ತಿಂಗಳು! ನಾನೇನು ತಪ್ಪು ಮಾಡಿದೆ ಅಂತ ನಿದ್ದೆಗೆಟ್ಟು ಯೋಚಿಸ್ತಿದೀನಿ ನಾನು! ಆ ತಡೆದು ತಡೆದು ಮಾತಾಡೋದು... ಅದು ಹೊಗೆ ಎಳೀತಿದ್ದದ್ದಾ?"

"ಬರೀ ಹೊಗೆ ಎಳೀತಿರಲಿಲ್ಲ," ಎಂದಳು ಅತ್ತೆ, ಮುಖ ಕೆಂಪಾಗಿತ್ತು. "ನೀವು ಹೇಳಿದ್ದನ್ನೂ ಯೋಚಿಸ್ತಿದ್ದೆ. ಅದು ಬಾಯಲ್ಲಿದ್ರೆ ನನಗೆ ಯೋಚಿಸೋಕೆ ಬಿಡುವು. ಇಲ್ದಿದ್ರೆ ನೋಡಿದ್ರಲ್ಲ, ಬಾಯಿಗೆ ಬೀಗವೇ ಇಲ್ಲ."

"ನೀವು ಮೂವರೂ ಸಂಸಾರದ ವಿಚಾರ ಹೊರಗಿಟ್ಕೊಳ್ಳಿ" ಎಂದಳು ಇನ್ಸ್‌ಪೆಕ್ಟರ್, ತಾನೂ ನಗುತ್ತ. "ಬೀರು ನೋಡೋಕೆ ನಾಳೆ ನಮ್ಮೋರು ಬರ್ತಾರೆ. ಅಲ್ಲೀವರೆಗೆ ಬಂದೂಕು ಇಲ್ಲಿರ್ಲಿ. ಆ ಇನ್ನೊಂದನ್ನ ಎತ್ಕೊಂಡು ಹೋಗಿ. ಗೇಟಿನ ಆಚೆ ಹಚ್ಕೊಳ್ಳಿ, ಇಲ್ಲಲ್ಲ."

ಗೇಟಿನ ಆಚೆ ಮರವಿತ್ತು, ಮರದ ಕೆಳಗೆ ಕಲ್ಲಿನ ಬೆಂಚು. ಅವರಿಬ್ಬರೂ ಕೂತರು. ನಾನು ಬಂದೂಕಿನ ರಸೀದಿ ಹಿಡಿದು ಸ್ವಲ್ಪ ದೂರ ನಿಂತೆ. ಅತ್ತೆ ಪೈಪಿಗೆ ತಂಬಾಕು ತುಂಬಿ, ಹೆಬ್ಬೆರಳಿನಿಂದ ಒತ್ತಿ, ಮತ್ತೆ ಸ್ವಲ್ಪ ತುಂಬಿದಳು.

"ಅಂಗಡಿ ಒಳಗೆ ಬೇಡ" ಎಂದರು ಅವರು. "ಗಾಜಿನ ಮೇಲೆ ಪೊರೆ ಕಟ್ಟತ್ತೆ, ಅದು ನಿಜವೇ. ಹಿಂದಿನ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಸಂಜೆಗೊಂದು. ಜಾಸ್ತಿ ಆದ್ರೆ ಎದೆಗೆ ಒಳ್ಳೇದಲ್ಲ."

"ಹೂಂ" ಎಂದಳು ಅತ್ತೆ, ಪೈಪು ಹಲ್ಲಿಗೆ ಕಚ್ಚಿಕೊಂಡು.

"ಮಾವ, ಬೆಂಕಿಪೊಟ್ಟಣ" ಎಂದು ನಾನು ಗೇಟಿನ ಪಕ್ಕದ ಗೂಡಂಗಡಿಯಿಂದ ತಂದದ್ದನ್ನು ಚಾಚಿದೆ. ಅವರು ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಕಡ್ಡಿ ಗೀರಿ, ಗಾಳಿಗೆ ಅಂಗೈ ಮರೆಮಾಡಿ, ಅವರೇ ಹಚ್ಚಿಕೊಟ್ಟರು. ಆಮೇಲೆ ಕೇಳಿದರು.

"ನಾಳೆ ಸಹಿಗೆ ಬರ್ತೀರಲ್ಲ?"

ಅತ್ತೆ ಒಂದು ಸಲ ಎಳೆದಳು. ಹೊಗೆ ಮರದ ಎಲೆಗಳವರೆಗೆ ಏರಿ ಹರಡಿತು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅದರ ಹಿಂದೆ ಒಂದು ಸೈಕಲ್ಲು. ಅವಳು ಇನ್ನೂ ಮಾತಾಡಲಿಲ್ಲ. ಅವರು ಕಾಲು ಚಾಚಿ, ಬೆಂಚಿಗೆ ಒರಗಿ, ಜಗತ್ತಿನ ಸಮಯವೆಲ್ಲ ತಮ್ಮದೇ ಎಂಬಂತೆ ಕಣ್ಣು ಮುಚ್ಚಿದರು. ಅವರ ಮುಖವನ್ನು ಅಷ್ಟು ಹಗುರವಾಗಿ ನಾನು ಅದುವರೆಗೆ ನೋಡಿರಲಿಲ್ಲ.

ಅತ್ತೆ ಪೈಪನ್ನು ಬಾಯಿಂದ ತೆಗೆದಳು.

"ಬರದೆ ಏನು ಮಾಡ್ಲಿ?" ಎಂದಳು. "ನನ್ನ ಬಂದೂಕು ನಿಮ್ಮೂರ ಠಾಣೇಲಿದೆ."